ಬಳೆ ತೆಗೆದಿಟ್ಟು ಬಾಗಿಲು ಕಾದವರು

ಬೈಲಹೊಂಗಲದ ಕಾಲೇಜೊಂದರ ಗ್ಯಾದರಿಂಗಿನಲ್ಲಿ ನಾನು ಅಕ್ಕೋರ ದನಿ ತೆಗೆದು ಮಂದಿಯನ್ನು ನಗಿಸುವ ಹೊತ್ತಿಗೆ ಅಕ್ಕೋರು ತೀರಿಕೊಂಡು ಐದು ತಾಸಾಗಿತ್ತು. ನನಗೆ ಗೊತ್ತಿರಲಿಲ್ಲ. "ಯಪ್ಪಾ, ಕೈ ತೋರ್ಸು. ಇದೇನೋ ಇದು, ಉಗುರೋ ಕುಡುಗೋಲೋ?" ಎಂದು ಅರ್ಧ ಮೂಗಿನಿಂದ ಅರ್ಧ ಗಂಟಲಿನಿಂದ ನಾನು ಕೇಳಿದಾಗ ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರು. ಪ್ರಿನ್ಸಿಪಾಲರು ಯಾರಿಗೂ ಕಾಣದ ಹಾಗೆ ತಮ್ಮ ಉಗುರು ನೋಡಿಕೊಂಡರು. ವೇದಿಕೆಯಿಂದ ಇಳಿದು ಚಹಾ ಕುಡಿಯುತ್ತಿದ್ದೆ. ಪೇಟೆಗೆ ಹತ್ತಿ ತಂದಿದ್ದ ನಮ್ಮೂರಿನವನೊಬ್ಬ ಬಂದು ಎದುರು ನಿಂತ.

"ಪೋಪಟ್ಯಾ, ಈಗ ಮಾಡಿದ್ಯಲ್ಲ, ಯಾರ ದನಿ ಅದು?"

"ನಮ್ಮ ಅಂಗನವಾಡಿ ಅಕ್ಕೋರದು. ಹೆಂಗಾತು?"

"ಛಲೋ ಆತಪಾ. ಅವ್ರು ಮುಂಜಾನಿ ಹೋದ್ರು."

"ಎಲ್ಲಿಗೆ?"

ಎಲ್ಲಿಗೆ ಎಂದು ಕೇಳಿದೆ ನಾನು! ಯಾರು ಏನಂದರೂ ತಿರುಗಿ ಎರಡು ಅನ್ನುವವನು ಎಂದು ನಾಲ್ಕು ಊರಿಗೆ ಹೆಸರಾದವನ ಬಾಯಿಗೆ ಬಂದದ್ದು ಅದೊಂದೇ ಮಾತು. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಐದು ತಾಸು ನಾನು ಸತ್ತವರ ದನಿಯನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗಿದ್ದೆ.

ನನ್ನ ಕಥೆ ಎರಡೇ ಸಾಲಿನದು. ಸವದತ್ತಿಗೂ ಮುನವಳ್ಳಿಗೂ ನಡುವೆ, ನವಿಲುತೀರ್ಥದ ನೀರು ಹರಿಯುವ ಕಾಲುವೆಯ ಪಕ್ಕ ನಮ್ಮೂರು. ಇಪ್ಪತ್ತನೆಯ ವಯಸ್ಸಿಗೆ ಟೆಂಪೋ ಓಡಿಸತೊಡಗಿದೆ; ಸವದತ್ತಿಯ ಗೋದಾಮಿನಿಂದ ಸುತ್ತಲಿನ ಅಂಗನವಾಡಿಗಳಿಗೆ ಗೋಧಿ, ಬೇಳೆ, ಎಣ್ಣೆ, ಮಕ್ಕಳ ಪೌಡರಿನ ಚೀಲ ಮುಟ್ಟಿಸುವುದು ಕೆಲಸ. ಉಳಿದ ಹೊತ್ತು ಕಂಡವರ ನಕಲಿ ಮಾಡುವುದು; ಅದಕ್ಕೇ ಊರು ನನ್ನನ್ನು ಪೋಪಟ್ಯಾ, ಅಂದರೆ ಗಿಳಿ, ಎನ್ನುತ್ತದೆ. ಕಂಡಕ್ಟರನ ಕೂಗು, ತಹಶೀಲ್ದಾರರ ಕೆಮ್ಮು, ನಮ್ಮಪ್ಪನ ಗೊರಕೆ, ಎಲ್ಲವೂ ಬರುತ್ತಿತ್ತು. ಬರದೇ ಇದ್ದದ್ದು ನನ್ನ ದನಿ ಒಂದೇ. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ "ಎಷ್ಟ ಓದೀರಿ?" ಎಂದು ಕೇಳಿದರೆ ನಾನು ಅವರದೇ ದನಿಯಲ್ಲಿ "ಹತ್ತನೇತ್ತ ಫೇಲ್‌ರಿ" ಅಂದಿದ್ದೆ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಅಕ್ಕೋರನ್ನು ಮೊದಲು ಕಂಡ ದಿನ ಅವರು ಬಾಗಿಲ ಮೊಳೆಗೆ ತಮ್ಮ ಬಳೆ ತೂಗು ಹಾಕುತ್ತಿದ್ದರು. ಎರಡೂ ಕೈಯ ಹಸಿರು ಗಾಜಿನ ಬಳೆ ಒಂದೊಂದಾಗಿ ತೆಗೆದು, ದಾರಕ್ಕೆ ಪೋಣಿಸಿ, ಮೊಳೆಗೆ ಹಾಕಿ, ಬರಿಗೈಯಲ್ಲಿ ಒಳಗೆ ಹೋದರು. ಗಂಡ ಗಟ್ಟಿಮುಟ್ಟಾಗಿದ್ದ ಹೆಂಗಸು! ಊರ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಮೂರು ದಿನ ಮಾತು ಬಿಟ್ಟಳಂತೆ. ಅಕ್ಕೋರು ಅಂದದ್ದು ಇಷ್ಟೇ: "ಬಳಿ ಒಡದ್ರ ಚೂರು ನನ್ನ ಗಂಡಗ ಚುಚ್ಚೂದಿಲ್ಲ, ಹುಡುಗರ ಕಾಲಿಗೆ ಚುಚ್ಚತೈತಿ." ಮಧ್ಯಾಹ್ನ ಮಕ್ಕಳು ಹೋದ ಮೇಲೆ ಮತ್ತೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ಚೀಲ ತರುತ್ತಿದ್ದದ್ದು ನಡುಹೊತ್ತಿನಲ್ಲಿ. ಹಾಗಾಗಿ ಆ ಮೊದಲ ದಿನ ಬಿಟ್ಟರೆ ನಾನು ನೋಡಿದ್ದೆಲ್ಲ ಆ ಬರಿಗೈ.

ಆ ಬರಿಗೈಗೆ ಬಿಡುವಿರಲಿಲ್ಲ. ಬಂದ ಮಗುವಿನ ಉಗುರು ನೋಡುವುದು, ಜೇಬು ತಡಕುವುದು. ಹುಣಸೆಬೀಜ, ಗೋಲಿ, ಮಣಿ, ಪಿನ್ನು ಏನು ಸಿಕ್ಕರೂ ಒಂದು ಡಬ್ಬಿಗೆ. ಒಮ್ಮೆ ಒಬ್ಬ ಹುಡುಗ ಮೂಗಿನಲ್ಲಿ ಕಡಲೆ ತುರುಕಿಕೊಂಡು ಬಂದಿದ್ದ. ಅಕ್ಕೋರು ಅವನನ್ನು ನನ್ನ ಟೆಂಪೋದಲ್ಲೇ ಕೂರಿಸಿಕೊಂಡು ಸವದತ್ತಿ ದವಾಖಾನೆಗೆ ನಡೆದರು. ದಾರಿಯುದ್ದಕ್ಕೂ ಹುಡುಗ ಅಳಲಿಲ್ಲ, ಅತ್ತದ್ದು ನಾನು. ಯಾಕೆಂದರೆ ಅವರು ನನ್ನನ್ನು ತಾಸಿಗೆ ಇಪ್ಪತ್ತು ಕಿಲೋಮೀಟರಿಗಿಂತ ಜೋರಾಗಿ ಓಡಿಸಲು ಬಿಡಲಿಲ್ಲ. "ಮೂಗಿನ್ಯಾಗಿನ ಕಡ್ಲಿಗೆ ಅವಸರಿಲ್ಲ. ನಿನಗ್ಯಾಕೋ?"

ಊಟದ್ದು ಇನ್ನೂ ದೊಡ್ಡ ನಾಟಕ. ಆಯಾ ಹುಸೇನಬಿ ಉಪ್ಪಿಟ್ಟು ಇಳಿಸಿದ ಕೂಡಲೇ ಅಕ್ಕೋರು ಎರಡು ಚಮಚ ತಿಂದು, ಗೋಡೆ ಗಡಿಯಾರದ ಎದುರು ಅರ್ಧ ತಾಸು ಕೂರುತ್ತಿದ್ದರು. ಮಕ್ಕಳು ಪಾತ್ರೆ ನೋಡುತ್ತಿದ್ದವು, ಅಕ್ಕೋರು ಗಡಿಯಾರ ನೋಡುತ್ತಿದ್ದರು.

"ಅಕ್ಕೋರ, ವಿಷಾ ಕುಡದವರಂಗ ಕುಂತೀರಲ್ರಿ," ಅಂದಿದ್ದೆ.

"ಹೂನಪಾ. ಏನರ ಆದ್ರ ನನಗೊಬ್ಬಾಕಿಗೆ ಆಗ್ಲಿ. ಇಪ್ಪತ್ತಾರ ಮಂದಿಗೆ ಬ್ಯಾಡ."

"ಮತ್ತ ನನಗೂ ಎರಡ ಚಮಚ ಕೊಡ್ರಿ, ಜೋಡಿಗೆ ಸಾಯ್ತೇನಿ."

"ನೀ ಚಮಚದಾಗ ಎಲ್ಲಿ ತಿಂತಿ? ಭಾಂಡೇದಾಗ ತಿಂತಿ," ಎಂದು ಹುಸೇನಬಿ ಒಳಗಿನಿಂದ ಕೂಗಿದಳು.

ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವ ಮಂದಿ ನಮ್ಮೂರ ಬೇವಿನ ಮರದ ಕೆಳಗೆ ಗಾಡಿ ಬಿಡುತ್ತಾರೆ. ಮಕ್ಕಳನ್ನು ಕಂಡು ಪ್ರಸಾದ ಕೊಡಲು ಬರುತ್ತಾರೆ. ಅಕ್ಕೋರು ಗೇಟು ತೆಗೆಯುತ್ತಿರಲಿಲ್ಲ. ಒಬ್ಬ ಮುದುಕಿಗೆ ಸಿಟ್ಟೇ ಬಂತು: "ದೇವೀ ಪ್ರಸಾದ ಬ್ಯಾಡಂತೀ ಏನವಾ?" ಅಕ್ಕೋರು ಕೈ ಮುಗಿದು ಅಂದರು: "ಪ್ರಸಾದ ದೇವೀದು ಯವ್ವಾ, ಕೈ ನಿಂದು. ಅಲ್ಲಿ ಕೊಡದಾಗ ನೀರೈತಿ, ಸಾಬಾಣ ಐತಿ. ತೊಕ್ಕೊಂಡ ಬಾ, ನಾನ ಮೊದಲ ತಿಂತೇನಿ." ಮುದುಕಿ ಗೊಣಗುತ್ತ ತೊಳೆದುಕೊಂಡು ಬಂದಳು. ಆ ಮುದುಕಿಯ ಗೊಣಗಾಟವನ್ನು ನಾನು ಮೂರು ವರ್ಷ ವೇದಿಕೆಯ ಮೇಲೆ ಮಾಡಿದ್ದೇನೆ.

ಆದರೆ ನನ್ನ ಬಾಯಿಗೆ ಎಲ್ಲಕ್ಕಿಂತ ಹೆಚ್ಚು ಮೇವಾದದ್ದು ಅವರ ಇನ್ನೊಂದು ಚಾಳಿ. ನಾನು ಗಾಡಿ ಚಾಲೂ ಮಾಡುವ ಮುಂಚೆ ಅವರು ಪ್ರತಿ ಸಲ ಹೊರಗೆ ಬಂದು, ಸೆರಗು ಸಿಕ್ಕಿಸಿ, ಟೆಂಪೋ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡುತ್ತಿದ್ದರು. "ನೋಡೀನಿ. ಈಗ ಹೋಗು." ನಾನು ಅದನ್ನು ಊರ ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ಸೊಂಟಕ್ಕೆ ಟವೆಲ್ಲು ಸಿಕ್ಕಿಸಿ, ಬಗ್ಗಿ, "ಅಯ್ಯ, ಕೆಳಗ ಒಂದ ಇರಿವಿ ಐತಿ. ಅದರ ಅವ್ವನ್ನ ಕರೀರಿ, ಕರಕೊಂಡ ಹೋಗ್ಲಿ!" ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಕ್ಕಳನ್ನು ಮನೆಗೆ ಬಿಡುವುದಕ್ಕೂ ಅವರದೊಂದು ಪದ್ಧತಿ ಇತ್ತು. ಹೊತ್ತಾದಾಗ ಮಕ್ಕಳೆಲ್ಲ ಹೊಸ್ತಿಲ ಒಳಗೆ ಸಾಲಾಗಿ ಕೂರಬೇಕು. ಗೇಟಿನಲ್ಲಿ ತಾಯಂದಿರು ಬಂದು ನಿಂತದ್ದನ್ನು ನೋಡಿ ಅಕ್ಕೋರು ಕೂಗುತ್ತಿದ್ದರು: "ಹಾರ್ರಿ ನನ್ನ ಗುಬ್ಬಿಗೋಳ್ರ್ಯಾ!" ಆ ಕೂಗಿಗೆ ಮಾತ್ರ ಮಕ್ಕಳು ಹೊಸ್ತಿಲು ದಾಟುತ್ತಿದ್ದವು. ಹೆತ್ತ ತಾಯಿ ಹೊರಗೆ ನಿಂತು ಕರೆದರೂ ಏಳುತ್ತಿರಲಿಲ್ಲ. ಎರಡು ವರ್ಷ ಕೂತು ಕಲಿಸಿದ್ದರು ಅದನ್ನು.

ತೊಂಬತ್ತರ ದಶಕ ಮುಗಿಯುವ ಹೊತ್ತು. ಹಿಂಗಾರಿಗೆ ಕಾಲುವೆಗೆ ನೀರು ಬಿಟ್ಟಿದ್ದರು, ದಂಡೆ ಮುಟ್ಟಿ ಹರಿಯುತ್ತಿತ್ತು. ನಾನು ಹನ್ನೊಂದರ ಸುಮಾರಿಗೆ ಚೀಲ ತಂದು ಬೇವಿನ ಮರದ ಕೆಳಗೆ ಟೆಂಪೋ ನಿಲ್ಲಿಸಿದೆ. ಅಕ್ಕೋರು, ಹುಸೇನಬಿ ಇಬ್ಬರೂ ಹಿತ್ತಲಲ್ಲಿ ನೀರಿನ ಟಾಕಿ ತಿಕ್ಕುತ್ತಿದ್ದರು. ಚೀಲ ಒಳಗೆ ಹಾಕಲು ನಾನೇ ಗೇಟು ತೆರೆದಿಟ್ಟಿದ್ದೆ. ಮಕ್ಕಳು ಒಳಗೆ ಸಾಲಾಗಿ ಕೂತು ಹಾಡು ಹೇಳುತ್ತಿದ್ದವು. ನನಗೆ ಏನನಿಸಿತೋ! ಏನೂ ಅನಿಸಲಿಲ್ಲ ಎನ್ನುವುದೇ ಸರಿ. ಬಾಯಿ ತುರಿಸಿತು. ಬಾಗಿಲ ಪಕ್ಕ ಮರೆಯಾಗಿ ನಿಂತು ಕೂಗಿದೆ.

"ಹಾರ್ರಿ ನನ್ನ ಗುಬ್ಬಿಗೋಳ್ರ್ಯಾ!"

ಹಾಡು ಅಲ್ಲಿಗೇ ನಿಂತಿತು. ಇಪ್ಪತ್ತಾರೂ ಎದ್ದವು. ನನ್ನನ್ನು ದಾಟಿ, ಅಂಗಳ ದಾಟಿ, ಗೇಟು ದಾಟಿ ರಸ್ತೆಗೆ ಬಿದ್ದವು. ಗೇಟಿನಲ್ಲಿ ಒಬ್ಬ ತಾಯಿಯೂ ಇರಲಿಲ್ಲ. ನಾನು ನಗುತ್ತ ನಿಂತಿದ್ದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಇಷ್ಟು ಚೆನ್ನಾಗಿ ಬಂತಲ್ಲ ದನಿ ಎಂದು ಹಿಗ್ಗುತ್ತ ನಿಂತಿದ್ದೆ.

ಹಿತ್ತಲಿನಿಂದ ಅಕ್ಕೋರು ಓಡಿ ಬಂದರು. ಮೊಣಕೈವರೆಗೆ ಪಾಚಿ. ನನ್ನ ಕಡೆ ನೋಡಲೂ ಇಲ್ಲ. ರಸ್ತೆಗೆ ಹೋಗಿ ಚಪ್ಪಾಳೆ ಹೊಡೆದು ಕರೆದರು. ಅಂಗಡಿ ಕಟ್ಟೆ, ಗಿರಣಿ ಬಾಗಿಲು, ಬಾವಿಯ ಹಾದಿ ಎಲ್ಲ ಕಡೆಯಿಂದ ಹುಸೇನಬಿ ಎಳೆದು ತಂದಳು. ಹೊಸ್ತಿಲಲ್ಲಿ ಕೂರಿಸಿ ಅಕ್ಕೋರು ತಲೆ ಮುಟ್ಟಿ ಎಣಿಸಿದರು. ಇಪ್ಪತ್ತೈದು. ಮತ್ತೆ ಎಣಿಸಿದರು. ಇಪ್ಪತ್ತೈದು.

"ರೇಣವ್ವ ಇಲ್ಲ," ಅಂದರು. ಟ್ರ್ಯಾಕ್ಟರ್ ಡ್ರೈವರನ ಮಗಳು ರೇಣುಕಾ. ಮೂರು ವರ್ಷ.

ಕಾಲುವೆ ಅಲ್ಲಿಂದ ಇನ್ನೂರು ಹೆಜ್ಜೆ. ಎಲ್ಲರೂ ಆ ಕಡೆಗೇ ನೋಡಿದೆವು. ಹುಸೇನಬಿ "ಯಾ ಅಲ್ಲಾ" ಎಂದು ದಂಡೆಯ ಕಡೆ ಓಡಿದಳು. ಬಿದ್ದಿದ್ದರೆ ನೀರು ಕೆಳಗೆ ಒಯ್ದಿರುತ್ತದೆ, ಮುಂದಿನ ಸೇತುವೆಗೆ ಹೋಗಿ ಅಡ್ಡ ಇಳಿಯಬೇಕು ಎಂದು ನನ್ನ ತಲೆಗೆ ಹೊಳೆಯಿತು. ಟೆಂಪೋ ಹತ್ತಿ ಚಾವಿ ಹಾಕಿದೆ. ಎದುರಿಗೆ ಅಕ್ಕೋರು. ಎರಡೂ ಬರಿಗೈ ಬಾನೆಟ್ಟಿನ ಮೇಲೆ.

"ಕೆಳಗ ನೋಡಿದ್ಯಾ?"

"ಅಕ್ಕೋರ, ಸರೀರಿ! ಹುಡುಗಿ ನೀರಾಗ ಹೋಗಾಕತ್ತಿರಬೇಕು, ನೀವು ಇಲ್ಲಿ…"

"ಕೆಳಗ ನೋಡಿ ಚಾವಿ ತಿರುವು."

"ಹೊತ್ತಿಲ್ರಿ ಈಗ!"

"ಇಳೀ."

ಇಳಿದೆ. ಸಿಟ್ಟಿನಿಂದ, ಅವರನ್ನು ಮನಸ್ಸಿನಲ್ಲೇ ಬೈಯುತ್ತ, ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದ ಹಾಗೆಯೇ ಬಗ್ಗಿದೆ.

ಹಿಂದಿನ ಗಾಲಿಗೆ ಬೆನ್ನು ಕೊಟ್ಟು ರೇಣುಕಾ ಕೂತಿದ್ದಳು. ಟೆಂಪೋದ ಹಲಗೆಯ ಸಂದಿಯಿಂದ ಮಕ್ಕಳ ಪೌಡರು ಸಣ್ಣಗೆ ಸುರಿಯುತ್ತಿತ್ತು. ಹರಿದ ಚೀಲ ಹೊಲಿದು ತಾ ಎಂದು ಅಕ್ಕೋರು ತಿಂಗಳಿಂದ ಹೇಳುತ್ತಿದ್ದರು, ನಾನು ಹೊಲಿದಿರಲಿಲ್ಲ. ಅದಕ್ಕೆ ಅಂಗೈ ಒಡ್ಡಿ ನೆಕ್ಕುತ್ತಿದ್ದಳು. ಬಾಯ್ತುಂಬ ಪೌಡರು, ಅಷ್ಟು ಮಂದಿ ಹೆಸರು ಹಿಡಿದು ಕೂಗಿದರೂ ಓ ಅನ್ನದಿದ್ದದ್ದು ಅದಕ್ಕೇ. ನನ್ನನ್ನು ನೋಡಿ ನಕ್ಕಳು. ಅಂಗೈ ನನ್ನ ಕಡೆ ಚಾಚಿದಳು, ನೀನೂ ತಿನ್ನು ಎಂಬ ಹಾಗೆ.

ಚಾವಿ ಅರ್ಧ ತಿರುಗಿತ್ತು. ಇನ್ನರ್ಧ ತಿರುಗಿಸಿ, ಗೇರು ಹಾಕಿ, ಹಿಂದಕ್ಕೆ ತೆಗೆದುಕೊಂಡೇ ನಾನು ರಸ್ತೆಗೆ ಹೊರಳಬೇಕಿತ್ತು.

ನಾನು ಮಣ್ಣಿನಲ್ಲಿ ಕೂತುಬಿಟ್ಟೆ. ಅಕ್ಕೋರು ಮಗುವನ್ನು ಎಳೆದುಕೊಂಡು, ಬಾಯಿ ಒರೆಸಿ, ಕೊಡದ ಹತ್ತಿರ ಒಯ್ದು ಕೈ ತೊಳೆಸಿ, ಒಳಗೆ ಕೂರಿಸಿ, ಮತ್ತೆ ತಲೆ ಎಣಿಸಿದರು. ಇಪ್ಪತ್ತಾರು. ಆಮೇಲೆ ಹೊರಗೆ ಬಂದು ನನ್ನ ಎದುರು ಕೂತರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ದನಿ ಛಲೋ ಮಾಡ್ತಿಯಪಾ," ಅಂದರು.

ನಾನು ಇದನ್ನು ಯಾರಿಗೂ ನಕಲಿ ಮಾಡಿ ತೋರಿಸಿಲ್ಲ. ಬರುವುದೂ ಇಲ್ಲ.

ರಸ್ತೆಯಲ್ಲಿ ಮಕ್ಕಳು ಚದುರಿದ್ದನ್ನು ಊರು ನೋಡಿತ್ತು. ದೂರು ಹೋಗಿ, ಮೂರನೆಯ ದಿನ ಮೇಲಿನ ಬಾಯಾರು, ಅಂದರೆ ಅಂಗನವಾಡಿಗಳ ಸೂಪರ್‌ವೈಜರ್, ಜೀಪಿನಲ್ಲಿ ಬಂದರು. ರೇಣುಕಾಳ ಅಪ್ಪ ಗೇಟಿನಲ್ಲಿ ನಿಂತಿದ್ದ, ಕೈಯಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಸಬ್ಬಲ್ಲು. ನಾನು ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಬಾಯಿ ತೆಗೆಯುವ ಮುಂಚೆ ಅಕ್ಕೋರು ಕಣ್ಣಲ್ಲೇ ತಡೆದರು.

"ಹೊತ್ತಿಗೆ ಮೊದಲ ಹುಡುಗ್ರು ಹೊರಗ ಹೆಂಗ ಹೋದ್ವು?" ಬಾಯಾರು ಕೇಳಿದರು.

"ನನ್ನ ದನಿ ಕೇಳೇ ಹೋದ್ವುರಿ ಬಾಯಾರ."

ಸುಳ್ಳು ಹೇಳಲಿಲ್ಲ. ಬಾಯಾರು ಅದನ್ನೇ ಬರೆದುಕೊಂಡು, ಮೆಮೋ ಕೊಟ್ಟು ಹೋದರು. ರೇಣುಕಾಳ ಅಪ್ಪ ಸಬ್ಬಲ್ಲು ಹೆಗಲಿಗೆ ಹಾಕಿಕೊಂಡು, ಅಕ್ಕೋರಿಗೆ ಅನ್ನಬಾರದ್ದು ಅಂದು ಹೋದ. ಅಕ್ಕೋರು ಕೇಳಿಸಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಅತ್ತೆ. "ನನ್ನ ಹೆಸರ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಏನಾಗ್ತಿತ್ತು? ನಿನ್ನ ಕಾಲ ಮುರೀತಿದ್ರು. ನನ್ನ ಬಾಗಲಾ ಹಂಗ ಇರ್ತಿತ್ತು." ಅವರು ಹೊಸ್ತಿಲು ತೋರಿಸಿದರು. "ನೀ ಮಾಡಿದ್ದು ತಪ್ಪ ಖರೆ. ಆದ್ರ ಒಂದ ಕೂಗಿಗೆ ಇಪ್ಪತ್ತಾರ ಮಂದಿ ಓಡೂ ಹಂಗ ಕಲಿಸಿದಾಕಿ ನಾನು. ಇವತ್ತ ನೀ ಕೂಗಿದಿ. ನಾಳೆ ಇನ್ನೊಬ್ಬ ಕೂಗ್ತಾನ."

ಮರುದಿನದಿಂದ ಪದ್ಧತಿ ಬದಲಾಯಿತು. ಕೂಗಿಲ್ಲ. ಹುಸೇನಬಿ ಗೇಟಿನಲ್ಲಿ, ತಾಯಿ ಬಂದದ್ದನ್ನು ನೋಡಿ ಮಗುವಿನ ಹೆಸರು ಹೇಳುವುದು ಅವಳ ಕೆಲಸ. ಹೊಸ್ತಿಲಲ್ಲಿ ಅಕ್ಕೋರು, ಆ ಮಗುವಿನ ತಲೆ ಮೇಲೆ ಕೈ ಇಟ್ಟು "ಒಂದು", "ಎರಡು" ಎಂದು ಎಣಿಸಿ ಬಿಡುವುದು. ಕೈ ಬೀಳದೆ ಯಾರೂ ಏಳುವ ಹಾಗಿಲ್ಲ. ಇಬ್ಬರಿಲ್ಲದೆ ಬಾಗಿಲು ತೆರೆಯುವ ಹಾಗಿಲ್ಲ. ನನಗೂ ಒಂದು ಕಾನೂನು ಆಯಿತು. "ನನ್ನ ಉಗುರಿಂದು ಮಾಡು, ಗಡಿಯಾರದ್ದು ಮಾಡು. ಮಂದಿ ನಕ್ಕೋತ ನಕ್ಕೋತರ ಉಗುರ ತೆಗೀಲಿ. ಆ ಗುಬ್ಬಿ ಮಾತೊಂದ ಬ್ಯಾಡ."

ಏಳು ವರ್ಷ ಆ ಮಾತು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಏಳು ವರ್ಷ ಗಾಡಿ ಚಾಲೂ ಮಾಡುವ ಮುಂಚೆ ಬಗ್ಗಿ ನೋಡಿದೆ. ಈಗ ಕಟ್ಟೆಯ ಮೇಲಿನ ಹುಡುಗರು ನಾನು ಬಗ್ಗುವುದನ್ನು ನಕಲಿ ಮಾಡುತ್ತಾರೆ. ನನಗಿಂತ ಚೆನ್ನಾಗಿಯೇ ಮಾಡುತ್ತಾರೆ, ಹೊಟ್ಟೆ ಸಮೇತ.

ಬೈಲಹೊಂಗಲದಿಂದ ಮಣ್ಣು ಮಾಡುವ ಹೊತ್ತಿಗೆ ಊರು ಮುಟ್ಟಿದೆ. ಅಕ್ಕೋರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ವಿಭೂತಿ, ಹೂವಿನ ಹಾರ. ಕೈ ತೊಡೆಯ ಮೇಲಿತ್ತು, ಮೊಣಕೈವರೆಗೆ ಹಸಿರು ಬಳೆ. ಆ ಮೊದಲ ದಿನದ ಮೇಲೆ ಬಳೆ ತೊಟ್ಟ ಆ ಕೈಯನ್ನು ನಾನು ನೋಡಿದ್ದು ಇದೇ. ಯಾರೋ ಬೇರೆ ಹೆಂಗಸಿನ ಮನೆಗೆ ಬಂದೆನೇನೋ ಅನಿಸಿ ಒಂದು ಹೆಜ್ಜೆ ಹಿಂದೆ ಸರಿದೆ.

"ಬಿ.ಪಿ. ಅಂತ," ಹುಸೇನಬಿ ಪಕ್ಕದಲ್ಲಿ ಅಂದಳು. "ಗುಳಿಗಿ ಬರಕೊಟ್ಟಿದ್ರಂತ, ತಗೊಂಡೇ ಇಲ್ಲ ನೋಡು. ತಿಂಗಳಾ ತಿಂಗಳಾ ಹುಡುಗ್ರನ್ನ ತಕ್ಕಡಿಗೆ ಜೋತು ಹಾಕಿ ತೂಗೂದು. ತಾನೊಮ್ಮೆ ದವಾಖಾನಿಗೆ ಹೋಗಲಿಲ್ಲ."

"ಇಷ್ಟ ಹೆದರೂ ಹೆಂಗಸು…" ಅಂದೆ.

"ತನಗ ಎಲ್ಲಿ ಹೆದರತಿದ್ಳೋ! ಮತ್ತೊಂದ ಗೊತ್ತೇನ ನಿನಗ? ಅಕಿ ಹೆಸರು ಮ್ಯಾಲಿನ ಬಾಯಾರ ಆಗಾಕ ಹೋಗಿತ್ತು. ಎರಡ ಸಲ. ಎರಡ ಸಲನೂ ಆ ಮೆಮೋ ನೋಡಿ ತೆಗದ್ರು."

"ಯಾವ ಮೆಮೋ?"

ಹುಸೇನಬಿ ನನ್ನನ್ನು ನೋಡಿದಳು. ಬೈಯಲಿಲ್ಲ. ಆ ದಿನ ಹಿತ್ತಲಲ್ಲಿ ಅಕ್ಕೋರ ಪಕ್ಕದಲ್ಲೇ ಟಾಕಿ ತಿಕ್ಕುತ್ತಿದ್ದವಳು ಅವಳು. ಅಕ್ಕೋರು ಬಾಯಿ ತೆಗೆದಿರಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಏಳು ವರ್ಷ ಅವಳೂ ಗೇಟಿನಲ್ಲಿ ನಿಂತು, ನನ್ನ ಚೀಲ ಇಳಿಸಿಕೊಂಡು, ಸುಮ್ಮನಿದ್ದಳು. ನಾನೊಬ್ಬನೇ ಏನೂ ಆಗಲಿಲ್ಲವೆಂದು ತಿಳಿದು ಊರೂರು ತಿರುಗಿ ನಗಿಸಿದ್ದೆ.

ಮರುದಿನ ಅಂಗನವಾಡಿ ಮುಚ್ಚಿರುತ್ತದೆ ಎಂದುಕೊಂಡು ಹಾದು ಹೋಗುತ್ತಿದ್ದೆ. ತೆರೆದಿತ್ತು. ಬಾಗಿಲ ಮೊಳೆ ಬರಿದಾಗಿತ್ತು. ಹುಸೇನಬಿ ಉಪ್ಪಿಟ್ಟು ಮಾಡಿ, ತಾನೇ ಎರಡು ಚಮಚ ತಿಂದು, ಅರ್ಧ ತಾಸು ಗಡಿಯಾರ ನೋಡಿ, ಮಕ್ಕಳಿಗೆ ಉಣಿಸಿದ್ದಳು. ಗೇಟಿನಲ್ಲಿ ತಾಯಂದಿರು ಬಂದು ನಿಂತಿದ್ದರು. ತಮ್ಮನನ್ನು ಕರೆದೊಯ್ಯಲು ರೇಣುಕಾ ಕೂಡ ಬಂದಿದ್ದಳು, ಬೆನ್ನಿಗೆ ಸಾಲೆಯ ಪಾಟಿಚೀಲ. ಮಕ್ಕಳು ಹೊಸ್ತಿಲ ಒಳಗೆ ಸಾಲಾಗಿ ಕೂತಿದ್ದವು. ಒಂದೂ ಏಳುತ್ತಿರಲಿಲ್ಲ.

"ನಾ ಗೇಟಿಗೆ ನಿಂತ್ರ ಇಲ್ಲಿ ಯಾರಿಲ್ಲ. ಇಲ್ಲಿ ನಿಂತ್ರ ಗೇಟಿಗೆ ಯಾರಿಲ್ಲ," ಹುಸೇನಬಿ ಅಂದಳು. "ಬಾ, ನೀ ಹೊಸ್ತಲಕ್ಕ ನಿಲ್ಲು."

"ನಾನಾ?"

"ಮತ್ಯಾರು? ನಿನ್ನ ಸಲುವಾಗೇ ಅಲ್ಲೇನ ಈ ಕಾನೂನು?"

ಅವಳು ಗೇಟಿಗೆ ನಡೆದಳು. ನಾನು ಹೊಸ್ತಿಲ ಮೇಲೆ ನಿಂತೆ. ಅಷ್ಟು ಕಣ್ಣು ನನ್ನ ಮೇಲೆ. ಅಂಜಿಕೆಯಾದಾಗ ಬೇರೆಯವರ ದನಿಯ ಹಿಂದೆ ಅಡಗುವುದು ನನ್ನ ಹುಟ್ಟುಗುಣ. ಕೊಟ್ಟ ಮಾತು ಮರೆತು, ಏಳು ವರ್ಷದ ಮೇಲೆ, ಮೆಲ್ಲಗೆ ಅಂದುಬಿಟ್ಟೆ:

"ಹಾರ್ರಿ ನನ್ನ ಗುಬ್ಬಿಗೋಳ್ರ್ಯಾ…"

ದನಿ ಒಂದಿಷ್ಟೂ ತಪ್ಪಿರಲಿಲ್ಲ. ಗೇಟಿನಲ್ಲಿ ಹುಸೇನಬಿ ಬೆಚ್ಚಿ ತಿರುಗಿದಳು. ಇಬ್ಬರು ತಾಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಮಕ್ಕಳು ಮಾತ್ರ ಅಲುಗಲಿಲ್ಲ. ಒಂದು ಮಗುವೂ ಅಲುಗಲಿಲ್ಲ. ಅಕ್ಕೋರದೇ ದನಿ, ಅಕ್ಕೋರದೇ ಮಾತು. ಇವನೇನು ಮಾಡುತ್ತಿದ್ದಾನೆ ಎಂದು ನನ್ನ ಬಾಯಿ ನೋಡುತ್ತ ಕೂತಿದ್ದವು.

"ರೇಣುಕಾನ ತಮ್ಮ," ಎಂದು ಹುಸೇನಬಿ ಗೇಟಿನಿಂದ ಕೂಗಿದಳು.

ಮೊದಲನೆಯವನು ಅವನೇ. ಅವನ ತಲೆ ಮೇಲೆ ಇಡಲು ಕೈ ಚಾಚಿದೆ. ಅವನು ತಲೆ ಹಿಂದಕ್ಕೆ ತೆಗೆದುಕೊಂಡು, ನನ್ನ ಕೈ ನೋಡಿ, ನನ್ನ ಮುಖ ನೋಡಿದ.

"ಕೈ ತೊಕ್ಕೊಂಡೀ ಏನು?"

ತೊಳೆದುಕೊಂಡಿರಲಿಲ್ಲ. ಕೊಡದ ಹತ್ತಿರ ಹೋದೆ. ಅಕ್ಕೋರು ಇಟ್ಟ ಸಾಬಾಣ ಅರ್ಧ ಸವೆದು ಅಲ್ಲೇ ಇತ್ತು. ಉಗುರ ಸಂದಿ, ಬೆರಳ ಸಂದಿ, ಮೊಣಕೈವರೆಗೆ ತೊಳೆದೆ. ಒರೆಸಿಕೊಂಡು ಬಂದು ಅವನ ಮುಂದೆ ಎರಡೂ ಕೈ ಹಿಡಿದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆ ಬಗ್ಗಿಸಿದ.

"ಒಂದು," ಅಂದೆ. ಯಾರ ದನಿಯೂ ಅಲ್ಲದ, ಒಡಕು ಒಡಕಾದ ಒಂದು ದನಿ ಬಂತು. ಅದು ನನ್ನದೇ ಇರಬೇಕು.